ಮುಚ್ಚಿಟ್ಟ ಸಾಲ ಹೊರಬಂದ ಮೇಲೆ, ರೊಕ್ಕದ ವಿಷಯದಲ್ಲಿ ಗಂಡನನ್ನು ಮತ್ತೆ ನಂಬುವುದು ಹೇಗೆ?

ಬಿಸಿಲೂರ ಟೀಚರ್

ನಾವಿರುವುದು ಕಲಬುರಗಿಯಲ್ಲಿ. ನಾನು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮನೆಯವರು ಸೇಡಂ ಕಡೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವರ ಪಗಾರ 41,000, ನನ್ನದು 22,000. ಮಗ ನಾಲ್ಕನೇ ಕ್ಲಾಸ್. ಬಾಡಿಗೆ ಮನೆ. ಕುಸನೂರ ರಸ್ತೆ ಕಡೆ ಒಂದು ಸಣ್ಣ ಸೈಟ್ ತಗೊಳ್ಳಬೇಕು ಅನ್ನುವುದೊಂದೇ ಆಸೆ. ಅದಕ್ಕೆ ಇಬ್ಬರೂ ಉಳಿಸುತ್ತಿದ್ದೇವೆ ಅಂದುಕೊಂಡಿದ್ದೆ. ಉಳಿಸುತ್ತಿದ್ದವಳು ನಾನೊಬ್ಬಳೇ ಅಂತ ಹೋದ ತಿಂಗಳು ಗೊತ್ತಾಯಿತು.

ಯಾರೋ ಒಬ್ಬ ನನ್ನ ಫೋನಿಗೆ ಕರೆ ಮಾಡಿ "ನಿಮ್ಮ ಗಂಡ ಕಂತು ಕಟ್ಟಿಲ್ಲ, ನೀವು ಯಾವಾಗ ಕಟ್ಟುತ್ತೀರಿ" ಅಂದ. ರಾತ್ರಿ ಕೇಳಿದಾಗ ಇವರು ಒಂದೂವರೆ ಲಕ್ಷ ಅಂದರು. ಆಮೇಲೆ ಎರಡೂವರೆ ಅಂದರು. ಇನ್ನೂ ಸ್ವಲ್ಪ ಬಿಟ್ಟು ಕೈಗಡ ಒಂದಿದೆ ಅಂದರು. ಈಗಿನ ಲೆಕ್ಕ ಹೀಗಿದೆ. ಒಂದು ಕ್ರೆಡಿಟ್ ಕಾರ್ಡ್‌ನಲ್ಲಿ 1,86,000. ಇನ್ನೊಂದರಲ್ಲಿ 64,000. ಆ್ಯಪ್ ಸಾಲಗಳು ಸೇರಿ 58,000. ಜೊತೆಯಲ್ಲಿ ಕೆಲಸ ಮಾಡುವವರ ಹತ್ತಿರ ಕೈಗಡ 40,000. ಎಲ್ಲ ಸೇರಿ 3,48,000.

ಜೂಜಿಲ್ಲ, ಕುಡಿತದ ಚಟ ಇಲ್ಲ. ಹೊಸ ಫೋನ್, ಹೊಸ ಬೈಕ್, ಗೆಳೆಯರ ಜೊತೆ ಹುಮನಾಬಾದ್ ರಸ್ತೆಯ ಢಾಬಾ, ಹೈದರಾಬಾದ್ ತಿರುಗಾಟ, ನಾದಿನಿಯ ಕುಬಸಕ್ಕೆ ಬಂಗಾರದ ಉಂಗುರ. ಆ ಉಂಗುರಕ್ಕೆ "ಬೋನಸ್ ಬಂತು" ಅಂದಿದ್ದರು. ನಾನೇ ನಾಲ್ಕು ಮಂದಿಯ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಉಳಿದ ರೊಕ್ಕ ಎಲ್ಲಿ ಹೋಯಿತು ಅಂತ ಅವರಿಗೇ ನೆನಪಿಲ್ಲ.

ಸಾಲ ಹೇಗೋ ತೀರುತ್ತದೆ. ಆದರೆ ಈಗ ಅವರು ಹಾಲು ತರಲು ಹೋಗಿ ಬಂದರೂ ಎಷ್ಟು ಕೊಟ್ಟಿರಿ ಅಂತ ಕೇಳುತ್ತೇನೆ. ಮಲಗಿದ ಮೇಲೆ ಫೋನ್ ತೆಗೆದು ನೋಡುತ್ತೇನೆ. ಹೀಗೆ ಬದುಕಲು ಆಗಲ್ಲ. ಬಿಟ್ಟು ಹೋಗುವ ಮನಸ್ಸೂ ಇಲ್ಲ. ಇಂಥದ್ದನ್ನು ದಾಟಿದವರು ಇದ್ದರೆ ಹೇಳಿ. "ಗಂಡಸರೆಲ್ಲ ಹಾಗೇ" ಅನ್ನುವ ಮಾತು ದಯವಿಟ್ಟು ಬೇಡ.

ಗಂಜ್ ವ್ಯಾಪಾರಿ

ಅಕ್ಕಾ, ನೆಹರು ಗಂಜ್‌ನಲ್ಲಿ ನಮ್ಮದು ತೊಗರಿ ವ್ಯಾಪಾರ. ಉದ್ರಿ ಕೊಟ್ಟು ವಸೂಲಿ ಮಾಡುವುದರಲ್ಲೇ ತಲೆ ಹಣ್ಣಾಗಿದೆ. ನೇರವಾಗಿ ಹೇಳುತ್ತೇನೆ. ಎಟಿಎಂ ಕಾರ್ಡ್ ಇಸ್ಕೊಳ್ಳಿ. ಫೋನಿನಿಂದ ಯುಪಿಐ ತೆಗೆಸಿ. ಪಗಾರ ಬಂದ ದಿನವೇ ನಿಮ್ಮ ಖಾತೆಗೆ ಹಾಕಿಸಿಕೊಳ್ಳಿ. ದಿನಕ್ಕೆ ನೂರು ರೂಪಾಯಿ ಕೈಗೆ ಕೊಡಿ, ಸಾಕು. ಒಂದು ವರ್ಷ ಹೀಗೆ ನಡೆದರೆ ಬುದ್ಧಿ ತಾನೇ ಬರುತ್ತದೆ. ರೊಕ್ಕದಲ್ಲಿ ಒಮ್ಮೆ ಸುಳ್ಳು ಹೇಳಿದವನಿಗೆ ಎರಡನೇ ಸಲ ಉದ್ರಿ ಕೊಡುವವನು ಪೇಟೆಯಲ್ಲಿ ಉಳಿಯಲ್ಲ.

ಹಳೇ ಕ್ಯಾಷಿಯರ್

ತಂಗಿ, ನಾನು ಬ್ಯಾಂಕಿನಿಂದ ನಿವೃತ್ತನಾದವನು. ಕೌಂಟರ್ ಆಚೆ ಇಂಥ ಜೋಡಿಗಳನ್ನು ಬಹಳ ನೋಡಿದ್ದೇನೆ. ನೀವು ಬರೆದದ್ದರಲ್ಲಿ ನನಗೆ ಚುಚ್ಚಿದ್ದು 3,48,000 ಅಲ್ಲ. ಮೊದಲು ಒಂದೂವರೆ, ಆಮೇಲೆ ಎರಡೂವರೆ, ಆಮೇಲೆ ಕೈಗಡ. ಸತ್ಯವನ್ನೂ ಕಂತಿನಲ್ಲಿ ಕೊಟ್ಟಿದ್ದಾರೆ. ಒಂದೊಂದು ಕಂತು ಬಂದಾಗಲೂ ಹಿಂದಿನ ಮಾತು ಸುಳ್ಳಾಗುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೊದಲು, ಇನ್ನು ಹೊಸದಾಗಿ ಏನೂ ಹೊರಬರುವುದಿಲ್ಲ ಅನ್ನುವುದು ಖಾತ್ರಿಯಾಗಬೇಕು. ಅದಕ್ಕೆ ಆಣೆ ಪ್ರಮಾಣ ಬೇಡ, ಕಾಗದ ಬೇಕು.

ಕ್ರೆಡಿಟ್ ರಿಪೋರ್ಟ್ ತೆಗೆಸಿ, ಅಂದರೆ ಅವರ ಹೆಸರಿನಲ್ಲಿರುವ ಸಾಲಗಳ ದಾಖಲೆ. ಅದನ್ನು ಕೊಡುವ ಸಂಸ್ಥೆ ಸಿಬಿಲ್ ಒಂದೇ ಅಂತ ಮಂದಿ ತಿಳಿದಿದ್ದಾರೆ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಸೇರಿ ಇಂಥ ಸಂಸ್ಥೆಗಳು ನಾಲ್ಕಿವೆ. ಒಂದರಲ್ಲಿ ಕಾಣದ ಆ್ಯಪ್ ಸಾಲ ಇನ್ನೊಂದರಲ್ಲಿ ಕಾಣಬಹುದು. ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟನ್ನು ಪ್ರತಿ ಸಂಸ್ಥೆಯೂ ಪುಕ್ಕಟೆ ಕೊಡಬೇಕು. 2017ರಿಂದ ರಿಸರ್ವ್ ಬ್ಯಾಂಕಿನ ನಿಯಮ ಅದು. ಸ್ಕೋರ್ ಎಷ್ಟು ಅಂತ ಈಗ ತಲೆ ಕೆಡಿಸಿಕೊಳ್ಳಬೇಡಿ. ಖಾತೆಗಳ ಪಟ್ಟಿ ನೋಡಿ. ಅದಕ್ಕೆ ಅವರ ಪ್ಯಾನ್ ಬೇಕು, ಅವರ ಫೋನಿಗೆ ಬರುವ ಒಟಿಪಿ ಬೇಕು. ಅವರೇ ನಿಮ್ಮ ಪಕ್ಕ ಕೂತು ತೆಗೆದು ತೋರಿಸಲಿ. ನೀವು ಕದ್ದು ತೆಗೆದರೆ ಅದಕ್ಕೆ ಬೆಲೆ ಇಲ್ಲ.

ಇನ್ನು ಬಡ್ಡಿ. ಗಂಜ್‌ನಲ್ಲಿ ಸಾವ್ಕಾರ ತಿಂಗಳಿಗೆ ನೂರಕ್ಕೆ ಮೂರು ಅಂದರೆ ರಕ್ತ ಹೀರುತ್ತಾನೆ ಅಂತೀವಿ, ಅಲ್ವಾ? ಬಹಳಷ್ಟು ಕಾರ್ಡ್‌ಗಳ ಬಡ್ಡಿ ತಿಂಗಳಿಗೆ ಮೂರೂವರೆಯ ಆಸುಪಾಸು. ವರ್ಷಕ್ಕೆ 42. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ಬೇರೆ. 1,86,000ಕ್ಕೆ ತಿಂಗಳ ಬಡ್ಡಿ 6,510, ತೆರಿಗೆ ಸೇರಿ ಸುಮಾರು 7,700. ಬಿಲ್ಲಿನಲ್ಲಿ "ಕನಿಷ್ಠ ಮೊತ್ತ" ಅಂತ ಒಂದು ಸಾಲು ಇರುತ್ತದೆ. ಬಾಕಿಯ 5% ಅಂತ ಹಿಡಿದರೆ 9,300. ಅಷ್ಟನ್ನು ಕಟ್ಟಿ ನಿಮ್ಮ ಯಜಮಾನರು ನಿಶ್ಚಿಂತೆಯಿಂದ ಇದ್ದಿರಬಹುದು. ಅದರಲ್ಲಿ ಅಸಲಿಗೆ ಹೋಗಿದ್ದು 1,600 ಮಾತ್ರ. ಪೂರ್ತಿ ಬಿಲ್ಲು ಕಟ್ಟದಿದ್ದರೆ ಹೊಸದಾಗಿ ಕೊಂಡ ವಸ್ತುವಿಗೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. "ಉಳಿದ ರೊಕ್ಕ ಎಲ್ಲಿ ಹೋಯಿತು ಅಂತ ನೆನಪಿಲ್ಲ" ಅಂದರಲ್ಲ, ಅದರಲ್ಲಿ ಒಂದು ದೊಡ್ಡ ಪಾಲು ಇಲ್ಲಿಗೇ ಹೋಗಿರುತ್ತದೆ.

ಬಿಸಿಲೂರ ಟೀಚರ್

ಕಾಕಾ, ಇದನ್ನು ಓದಿ ಇಬ್ಬರೂ ಕೂತು ನಾಲ್ಕೂ ತೆಗೆದೆವು. ಹೊಸ ಸಾಲ ಸಿಗಲಿಲ್ಲ. ಎರಡು ವರ್ಷದ ಹಿಂದೆ ತೀರಿಸಿದ ಒಂದು ಫೋನ್ ಕಂತು ಇತ್ತು, ಅದನ್ನೂ ನನಗೆ ಹೇಳಿರಲಿಲ್ಲ. ಆದರೆ ಕೈಗಡ ಯಾವ ರಿಪೋರ್ಟಿನಲ್ಲಿಯೂ ಬರಲ್ಲವಲ್ಲ. ಅದಕ್ಕೇನು ಮಾಡುವುದು?

ಹಳೇ ಕ್ಯಾಷಿಯರ್

ಕೈಗಡ, ಚೀಟಿ, ಕಿರಾಣಿ ಉದ್ರಿ, ಇವು ಯಾವುದೂ ಅದರಲ್ಲಿ ಬರಲ್ಲ. ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ. ಒಂದು ವರ್ಷದ್ದು. ಒಂದೇ ಹೆಸರಿಗೆ ಪದೇ ಪದೇ ದುಂಡು ಮೊತ್ತ ಹೋಗಿದ್ದರೆ ಅಥವಾ ಬಂದಿದ್ದರೆ ಅದು ಕೈಗಡವೇ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅನ್ನುವ ಜಾಗ ತೆಗೆಯಿರಿ. ತಿಂಗಳು ತಿಂಗಳು ತಾನೇ ಕತ್ತರಿಸಿಕೊಳ್ಳಲು ಯಾರಿಗೆಲ್ಲ ಒಪ್ಪಿಗೆ ಕೊಟ್ಟಿದ್ದಾರೆ ಅನ್ನುವುದು ಅಲ್ಲಿ ಕಾಣುತ್ತದೆ.

ಬೀದರ್ ತಂಗಿ

ಗಂಜ್ ಅಣ್ಣ ಹೇಳಿದ ದಾರಿಯಲ್ಲಿ ನಮ್ಮ ಮನೆ ಹೋಗಿ ಬಂದಿದೆ. ನನ್ನ ತಮ್ಮ ಹೀಗೇ ಮಾಡಿದ್ದ. ಅಮ್ಮ ಮತ್ತು ಅವನ ಹೆಂಡತಿ ಸೇರಿ ಕಾರ್ಡ್, ಫೋನ್ ಎಲ್ಲ ಇಸ್ಕೊಂಡರು. ದಿನಕ್ಕೆ ಐವತ್ತು ರೂಪಾಯಿ. ಮೇಲೆ ನೋಡಲು ಎಲ್ಲ ಸರಿಹೋಯಿತು. ಅವನು ಮಾಡಿದ್ದೇನು? ಕೆಲಸದ ಜಾಗದಲ್ಲಿ ಓವರ್‌ಟೈಮ್ ರೊಕ್ಕವನ್ನು ನಗದು ಇಸ್ಕೊಂಡ. ಗೆಳೆಯನ ಫೋನಿನಿಂದ ಸಾಲ ತೆಗೆಸಿದ. ಚಹಾ ಅಂಗಡಿಯಲ್ಲಿ ಉದ್ರಿ ಬರೆಸಿದ. ಮೊದಲು ಬ್ಯಾಂಕಿನಲ್ಲಿ ಹುಡುಕಿದರೆ ಸಿಗುತ್ತಿದ್ದ ಸಾಲ ಈಗ ಊರಲ್ಲೆಲ್ಲ ಹರಡಿ ಹುಡುಕಲಾರದಂತಾಯಿತು.

ಅಣ್ಣಾ, ನೀವು ತೊಗರಿಯವರು. ನೆಟೆ ರೋಗ ಬಂದ ಗಿಡ ಕಿತ್ತು ಬಿಸಾಕಿದರೆ ರೋಗ ಹೋಗುತ್ತದಾ? ಮಣ್ಣಿನಲ್ಲಿ ಇರುತ್ತದೆ.

ಗಂಜ್ ವ್ಯಾಪಾರಿ

ನೆಟೆ ರೋಗದ ಮಾತು ಒಪ್ಪಿದೆ ತಂಗಿ. ಆದರೆ ರೋಗ ಇದ್ದ ಹೊಲಕ್ಕೆ ಮುಂದಿನ ವರ್ಷ ಮತ್ತೆ ತೊಗರಿಯನ್ನೇ ಯಾರೂ ಹಾಕಲ್ಲ. ಅವರ ಕೈಯಲ್ಲಿ ಕಾರ್ಡ್ ಬಿಟ್ಟು "ನಂಬಿದೆ" ಅಂದರೆ ಅದು ಹುಚ್ಚುತನ. ಯಾವುದೂ ಇಸ್ಕೊಳ್ಳಬೇಡಿ ಅಂದರೆ ಮತ್ತೇನು ಮಾಡಬೇಕು, ಅದನ್ನು ಹೇಳಿ.

ಬೀದರ್ ತಂಗಿ

ಇಸ್ಕೊಳ್ಳುವುದು ಬೇರೆ, ಅವನೇ ತಂದು ಕೊಡುವುದು ಬೇರೆ. ನನ್ನ ತಮ್ಮನ ಮನೆ ಸರಿಹೋಗಿದ್ದು ಯಾವಾಗ ಅಂದರೆ, ಹೆಂಡತಿ ಹುಡುಕುವುದನ್ನು ಬಿಟ್ಟಾಗ. "ನಾನು ಇನ್ನು ನಿನ್ನ ಜೇಬು ನೋಡಲ್ಲ. ಪಗಾರದ ದಿನ ನೀನೇ ಎಲ್ಲ ತೆಗೆದು ನನ್ನ ಮುಂದೆ ಇಡಬೇಕು. ಇಡದಿದ್ದರೆ ಅದನ್ನೇ ಉತ್ತರ ಅಂತ ತಿಳಿಯುತ್ತೇನೆ" ಅಂದಳು. ತೋರಿಸುವ ಭಾರ ಅವನ ಮೇಲೆ ಬಂತು. ಮೊದಲ ಸಲ ಅವನು ಮುಖ ಊದಿಸಿಕೊಂಡೇ ಕೂತಿದ್ದ. ಆಮೇಲಾಮೇಲೆ ಅವನೇ ಕರೆಯಲು ಶುರು ಮಾಡಿದ.

ಹೆಂಡತಿ ದಿನಾ ಹುಡುಕುತ್ತಿದ್ದರೆ, ಸಿಕ್ಕಿಬೀಳದೆ ಇರುವುದೇ ಅವನಿಗೆ ಕೆಲಸ ಆಗುತ್ತದೆ. ಅದರಲ್ಲಿ ಅವರು ನಮಗಿಂತ ಜಾಣರಿರುತ್ತಾರೆ ಬಿಡಿ.

ಸೇಡಂ ರಸ್ತೆ

ನಾನೂ ಕಾರ್ಖಾನೆಯಲ್ಲೇ ಕೆಲಸ ಮಾಡುವವನು, ಶಿಫ್ಟ್ ಡ್ಯೂಟಿ. ಒಂದು ಮಾತು ಹೇಳಲಾ, ತಪ್ಪು ತಿಳಿಯಬೇಡಿ. ನಮ್ಮಲ್ಲಿ ಸೂಪರ್‌ವೈಸರ್ ಆದವನು ಬಿಲ್ಲು ಕೊಡಬೇಕು ಅನ್ನುವುದೊಂದಿದೆ. ಪ್ರಮೋಷನ್ ಆದರೆ ಪಾರ್ಟಿ, ಬೈಕ್ ಕೊಂಡರೆ ಪಾರ್ಟಿ, ಮಗ ಪಾಸಾದರೆ ಪಾರ್ಟಿ. ಕೊಡದಿದ್ದರೆ ಮುಂದೆ ಏನೂ ಅನ್ನಲ್ಲ, ಹಿಂದೆ ಆಡಿಕೊಳ್ಳುತ್ತಾರೆ. ಅಕ್ಕ, ತಂಗಿಯರ ಮನೆಗೆ ಮುಯ್ಯಿ, ಆಹೇರಿ ಅಂತ ಹೋದಾಗಲೂ ಅಷ್ಟೇ. ಪಗಾರ ಎಷ್ಟು ಅಂತ ಯಾರೂ ಕೇಳಲ್ಲ, ಉಂಗುರ ಎಷ್ಟು ಗ್ರಾಂ ಅಂತ ಕೇಳುತ್ತಾರೆ. ಮನೆಯಲ್ಲಿ ಹೇಳಿದರೆ ಬೇಡ ಅಂತಾರೆ, ಬೇಡ ಅಂದರೆ ಜಗಳ. ಅದಕ್ಕೇ ಗಂಡಸರು ಹೇಳಲ್ಲ.

ಯಾದಗಿರಿ ಅಮ್ಮ

ಹೆಂಡತಿ ಬೇಡ ಅಂತಾಳೆ ಅಂತ ಸುಳ್ಳು ಹೇಳಿದ, ಅಂದರೆ ತಪ್ಪು ಹೆಂಡತಿಯದೇ ಅಂದಂಗಾಯಿತಲ್ಲಪ್ಪಾ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ನಮ್ಮ ಭಾಗದವರಿಗೆ ಹೊಸದಲ್ಲ. ದಿನಕ್ಕಿಂತ ಜಾಸ್ತಿ ಅಕ್ಕಿ ತಂದ ಗಂಡನಿಗೆ "ವಾಪಸ್ ಹೋಗಿ ಅಲ್ಲೇ ಸುರಿದು ಬಾ" ಅಂದಳು ಆಕೆ. ಎಲ್ಲರೂ ಆಕೆಯ ಮಾತನ್ನೇ ಹೊಗಳುತ್ತಾರೆ. ನಾನು ಮಾರಯ್ಯನ ಕಡೆ ನೋಡುತ್ತೇನೆ. ಆತ ಜಾಸ್ತಿ ತಂದ ಅಕ್ಕಿಯನ್ನು ಹಿತ್ತಲಲ್ಲಿ ಬಚ್ಚಿಡಲಿಲ್ಲ. ಹೆಂಡತಿ ಬೈತಾಳೆ ಅಂತ ಗೊತ್ತಿದ್ದರೂ ಆಕೆಯ ಮುಂದೆಯೇ ತಂದಿಟ್ಟ.

ಟೀಚರಮ್ಮ, ನಿನಗೊಂದು ಮಾತು. ಬಂಗಾರ ಮಾತ್ರ ಮುಟ್ಟಿಸಬೇಡ. ತವರಿನವರು ಹಾಕಿದ್ದು, ಮದುವೆಯಲ್ಲಿ ಬಂದದ್ದು ನಿನ್ನದು. ಸಾಲ ತೀರಲಿ ಅಂತ ಕೊಟ್ಟ ಎಷ್ಟೋ ಬಳೆ ವಾಪಸ್ ಬಂದಿಲ್ಲ.

ಹಳೇ ಕ್ಯಾಷಿಯರ್

ಅಮ್ಮನವರ ಮಾತಿಗೆ ಎದುರು ಹೇಳುತ್ತೇನೆ, ಬೇಜಾರಾಗಬೇಡಿ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಎರಡೂ ಕಾರ್ಡ್ ಸೇರಿ 2,50,000. 42%ರಲ್ಲಿ ವರ್ಷದ ಬಡ್ಡಿ 1,05,000. ಅಷ್ಟೇ ರೊಕ್ಕವನ್ನು ಬ್ಯಾಂಕಿನಲ್ಲಿ ಬಂಗಾರ ಇಟ್ಟು ಸುಮಾರು 10%ಗೆ ತೆಗೆದರೆ 25,000. ವರ್ಷಕ್ಕೆ 80,000 ಉಳಿಯುತ್ತದೆ. ಪೆಟ್ಟಿಗೆಯಲ್ಲಿ ಬಂಗಾರ ಇಟ್ಟುಕೊಂಡು ಕಾರ್ಡಿಗೆ ಬಡ್ಡಿ ಕಟ್ಟುವುದು ಜಾಣತನ ಅಲ್ಲ.

ಯಾದಗಿರಿ ಅಮ್ಮ

ಲೆಕ್ಕ ಸರಿ ಇರಬಹುದು ಕ್ಯಾಷಿಯರ್ ಸಾಹೇಬ್ರೇ. ಕಂತು ತಪ್ಪಿದರೆ ಹರಾಜಾಗುವುದು ಯಾರ ಬಂಗಾರ? ಢಾಬಾದಲ್ಲಿ ಉಂಡವರದ್ದಾ?

ಕೋರ್ಟ್ ರಸ್ತೆ

ವಕೀಲಿ ಕಡೆಯಿಂದ ಎರಡು ಮಾತು. ಸ್ತ್ರೀಧನದ ಮೇಲೆ ಪೂರ್ತಿ ಹಕ್ಕು ಹೆಂಡತಿಯದು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ. ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡರೂ ಅದನ್ನು ಅಥವಾ ಅದರ ಬೆಲೆಯನ್ನು ವಾಪಸ್ ಕೊಡುವ ಹೊಣೆ ಅವನದು. ಹಾಗಾಗಿ ಕೊಟ್ಟರೆ ಸಾಲವಾಗಿ ಕೊಡಿ, ಕಾಗದದ ಮೇಲೆ ಬರೆಸಿಕೊಂಡು ಕೊಡಿ. ಕೊಡಲೇಬೇಕು ಅಂತೇನೂ ಇಲ್ಲ.

ಗಂಡನ ಕಾರ್ಡ್ ಸಾಲ, ಆ್ಯಪ್ ಸಾಲ ಹೆಂಡತಿ ಅನ್ನುವ ಕಾರಣಕ್ಕೆ ನಿಮ್ಮ ಮೇಲೆ ಬರುವುದಿಲ್ಲ. ಸಹ ಸಾಲಗಾರರಾಗಿ ಅಥವಾ ಜಾಮೀನುದಾರರಾಗಿ ಸಹಿ ಮಾಡಿದ್ದರೆ ಮಾತ್ರ ಬರುತ್ತದೆ. "ಒಂದು ಸಹಿ ಹಾಕು, ಎಲ್ಲ ಸೇರಿಸಿ ಒಂದೇ ಸಾಲ ಮಾಡೋಣ" ಅಂತ ಬಂದರೆ ಕಾಗದವನ್ನು ಪೂರ್ತಿ ಓದಿ. ಅವರು ಕೆಟ್ಟವರು ಅಂತಲ್ಲ. ಈಗ ನಿಮ್ಮ ಹೆಸರು ಸಾಲದ ಹೊರಗಿದೆ, ಇಬ್ಬರಿಗೂ ಅದೇ ಆಧಾರ.

ನಿಮಗೆ ಕರೆ ಮಾಡಿದವರ ವಿಷಯ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಸಾಲದ ಆ್ಯಪ್ ಫೋನಿನ ಕಾಂಟ್ಯಾಕ್ಟ್ ಪಟ್ಟಿಗೆ ಕೈ ಹಾಕುವಂತಿಲ್ಲ. ಎರಡೂ 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ. ಆ್ಯಪ್‌ನ ಹಿಂದೆ ಯಾವ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ಇದೆ ಅಂತ ನೋಡಿ, ಅವರ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಖರ್ಚಿಲ್ಲ. ಮಾಹಿತಿಗೆ 14448. ಫೋಟೋ ಕೆಡಿಸಿ ಕಳಿಸುತ್ತೇವೆ ಅಂತ ಹೆದರಿಸಿದರೆ ಕಾಯಬೇಡಿ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಊರಿನ ಬಡ್ಡಿ ವ್ಯವಹಾರದವರು ಕಾಡಿದರೆ ಅದಕ್ಕೆ ಕರ್ನಾಟಕದ 2025ರ ಕಾನೂನು ಇದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಜೇವರ್ಗಿ ಅಳಿಯ

ನಮ್ಮನೆಯಲ್ಲಿ ಉಲ್ಟಾ. ಮುಚ್ಚಿಟ್ಟವಳು ಹೆಂಡತಿ. ಫೋನಿನಲ್ಲಿ ಲೈವ್ ಬರುತ್ತದಲ್ಲ, ಸೀರೆ ಮಾರುವವರು. "ಈಗ ತಗೊಳ್ಳಿ, ಆಮೇಲೆ ಕೊಡಿ" ಅನ್ನುವ ಸಾಲದಲ್ಲಿ 70,000 ಆಗಿತ್ತು. ಸೀರೆಗಳು ಅವಳ ತವರಿನ ಟ್ರಂಕಿನಲ್ಲಿ ಇದ್ದವು, ಒಂದೂ ಉಟ್ಟಿರಲಿಲ್ಲ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಬಳೆ ಕೊಳ್ಳಬೇಕಾದರೂ ನಿಮ್ಮ ಮುಂದೆ ಕೈ ಚಾಚಬೇಕು, ಅದಕ್ಕೆ" ಅಂದಳು. ಗೃಹಲಕ್ಷ್ಮಿಯ 2,000 ಬರುವುದು ಅವಳ ಖಾತೆಗೆ. ಅದನ್ನೂ ಮನೆಯ ಖರ್ಚಿನ ಲೆಕ್ಕದಲ್ಲಿ ಮೊದಲೇ ಸೇರಿಸಿಟ್ಟಿದ್ದೆವು.

ಈಗ ಆ 2,000 ಅವಳದು. ನನಗೂ ಅಷ್ಟೇ. ಅದರ ಲೆಕ್ಕ ಇಬ್ಬರೂ ಕೇಳಲ್ಲ. ಅವಳು ಚೀಟಿ ಹಾಕಿದ್ದಾಳೋ ಸೀರೆ ಕೊಂಡಳೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಉಳಿದ ರೊಕ್ಕ ಪೂರ್ತಿ ತೆರೆದ ಲೆಕ್ಕ. ಎಲ್ಲವನ್ನೂ ತೆರೆಯಿರಿ ಅಂದಾಗ ಮುಚ್ಚಿಡುತ್ತಿದ್ದಳು. ಒಂದಿಷ್ಟು ಮುಚ್ಚಿಟ್ಟುಕೊಳ್ಳಲು ಬಿಟ್ಟ ಮೇಲೆ ಉಳಿದದ್ದನ್ನು ತೆರೆದಿಟ್ಟಳು.

ಶಹಾಬಾದ್ ಹುಡುಗ

ಫೋನ್ ಗೇಮ್‌ನಲ್ಲಿ ಕಳೆದವರಿಗೂ ಇದೇ ದಾರಿ ಆಗುತ್ತದಾ? ನಮ್ಮ ಪಕ್ಕದ ಮನೆಯ ಕಥೆ.

ಬೀದರ್ ತಂಗಿ

ಇಲ್ಲ. ಶೋಕಿಗೆ ಖರ್ಚು ಮಾಡುವವನು ಬೇರೆ, ಕೈ ತಡೆಯಲಾರದವನು ಬೇರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಕಾನೂನೇ ಬಂದಿದೆ, ಆದರೂ ಚಟ ಕಾನೂನಿನಿಂದ ಬಿಡಲ್ಲ. ಅಂಥವರಿಗೆ ಲೆಕ್ಕ ಕೇಳುವುದಕ್ಕಿಂತ ಮೊದಲು ಡಾಕ್ಟರ ಸಹಾಯ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಪುಕ್ಕಟೆ, ಕನ್ನಡದಲ್ಲಿ ಮಾತಾಡುತ್ತಾರೆ. ಅಲ್ಲಿ ಮಾತ್ರ ಗಂಜ್ ಅಣ್ಣನ ಹಾಗೆ ಕಾರ್ಡ್ ದೂರ ಇಡುವುದೇ ಸರಿ.

ಬಿಸಿಲೂರ ಟೀಚರ್

ಕೆಲವು ವಾರ ಬಿಟ್ಟು ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಡಲಾಗಲಿಲ್ಲ.

ಬಂಗಾರ ಇಡಲಿಲ್ಲ. ಕಾಕಾ ಹೇಳಿದ ಲೆಕ್ಕ ಸರಿಯೇ ಇತ್ತು, ಆದರೆ ಇಟ್ಟಿದ್ದರೆ ಪ್ರತಿ ತಿಂಗಳು ನನ್ನ ಎದೆಯೇ ಒತ್ತೆ ಇದ್ದಂಗೆ ಇರುತ್ತಿತ್ತು. ಅವರ ಕಾರ್ಖಾನೆಯ ನೌಕರರ ಪತ್ತಿನ ಸಹಕಾರ ಸಂಘದಲ್ಲಿ 12%ಗೆ 2,50,000 ಸಾಲ ಸಿಕ್ಕಿತು. 36 ಕಂತು, ತಿಂಗಳಿಗೆ ಸುಮಾರು 8,300. ಪಗಾರದಲ್ಲೇ ಕತ್ತರಿಸುತ್ತಾರೆ. ಒಂದು ಕಾರ್ಡಿನ ಕನಿಷ್ಠ ಮೊತ್ತಕ್ಕಿಂತ ಇದು ಕಡಿಮೆ. ಎರಡೂ ಕಾರ್ಡ್ ಪೂರ್ತಿ ಕಟ್ಟಿದೆವು.

ಆ ಸಂಘದಲ್ಲಿ ಇಬ್ಬರು ಸದಸ್ಯರ ಜಾಮೀನು ಬೇಕು. ಯಾರಿಗೆ ಪಾರ್ಟಿ ಕೊಟ್ಟಿದ್ದರೋ ಅವರನ್ನೇ ಕೇಳಬೇಕಾಯಿತು. ನನ್ನ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಅದು ಅವರಿಗೆ ಜಾಸ್ತಿ ಕಷ್ಟವಾಯಿತು. ಒಬ್ಬರು ತಪ್ಪಿಸಿಕೊಂಡರು. ಸಹಿ ಹಾಕಿದ್ದು ಯಾರು ಗೊತ್ತಾ? ಕೈಗಡ ಕೊಟ್ಟವರೇ. ಅವರಿಗೆ ನಾಲ್ಕು ಪಗಾರದಲ್ಲಿ ಹತ್ತು ಹತ್ತು ಸಾವಿರ ಅಂತ ಮಾತಾಗಿದೆ.

ಬೈಕ್ ಮತ್ತು ಹೊಸ ಫೋನ್ ಮಾರಿ ಆ್ಯಪ್ ಸಾಲ ಮುಗಿಸಿದರು. ಕೆಲಸಕ್ಕೆ ಕಾರ್ಖಾನೆ ಬಸ್ಸು ಇದೆ. ಮಾರುವ ಮಾತು ನಾನು ತೆಗೆಯಲಿಲ್ಲ, ಅವರೇ ಹೇಳಿದರು. ನಿಜ ಹೇಳಬೇಕಂದರೆ ಸಾಲ ತೀರಿದ್ದಕ್ಕಿಂತ ಆ ಮಾತು ನನಗೆ ಸಮಾಧಾನ ಕೊಟ್ಟಿತು.

ಪಗಾರದ ದಿನ ಸಂಜೆ ಅವರೇ ಸ್ಟೇಟ್‌ಮೆಂಟ್ ತೆಗೆದು ತೋರಿಸುತ್ತಾರೆ. ನಾನೂ ನನ್ನದು ತೋರಿಸುತ್ತೇನೆ. ಎರಡು ಸಾವಿರಕ್ಕಿಂತ ಜಾಸ್ತಿ ಏನೇ ಇದ್ದರೂ ಮೊದಲು ಮಾತು. ಇಬ್ಬರಿಗೂ ಲೆಕ್ಕವಿಲ್ಲದ ಕೈಖರ್ಚು ಇದೆ, ಜೇವರ್ಗಿ ಅಣ್ಣನ ಹಾಗೆ. ರಾತ್ರಿ ಫೋನ್ ನೋಡುವುದನ್ನು ಬಿಟ್ಟಿದ್ದೇನೆ. ಬಿಡಲು ಬಹಳ ಕಷ್ಟವಾಯಿತು.

ಆದರೆ ಮೊನ್ನೆ ಒಂದಾಯಿತು. "ನಿನ್ನೆ ಢಾಬಾದಲ್ಲಿ 600 ಕೊಟ್ಟೆ, ನಾನೇ ಕೊಡಬೇಕಾಗಿ ಬಂತು" ಅಂತ ನಾನು ಕೇಳದೆಯೇ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಉಂಗುರ, ಹೈದರಾಬಾದ್, ಎಲ್ಲ ತೆಗೆದು ಬೈದೆ. ಅವರು ಎದ್ದು ಹೋದರು. ಈಗ ಎರಡು ದಿನದಿಂದ ಬೇಕಾದಷ್ಟೇ ಮಾತು.

ಬೀದರ್ ತಂಗಿ

ಅಕ್ಕಾ, ಮುಚ್ಚಿಟ್ಟು ಸಿಕ್ಕಿಬಿದ್ದಾಗ ಎಷ್ಟು ಬೈಗುಳ ಸಿಕ್ಕಿತೋ, ತಾನಾಗಿ ಹೇಳಿದಾಗಲೂ ಅಷ್ಟೇ ಸಿಕ್ಕರೆ, ಮುಂದಿನ 600ಕ್ಕೆ ಅವರು ಯಾವ ದಾರಿ ಹಿಡಿಯುತ್ತಾರೆ?

ಬಿಸಿಲೂರ ಟೀಚರ್

ಹಾಗಂತ ನಗುತ್ತಾ ಕೇಳಿಸಿಕೊಳ್ಳಬೇಕಾ? ಮೋಸ ಹೋದವಳು ನಾನು. ಸಂಭಾಳಿಸಬೇಕಾದವಳೂ ನಾನೇನಾ?

ಬೀದರ್ ತಂಗಿ

ನಗಬೇಡಿ. 600ಕ್ಕೆ ಎಷ್ಟು ಸಿಟ್ಟು ಬರಬೇಕೋ ಅಷ್ಟು ಬೈಯಿರಿ. 3,48,000ದ ಸಿಟ್ಟನ್ನು ಅದರ ಜೊತೆ ಸೇರಿಸಬೇಡಿ. ಆ ಸಿಟ್ಟು ಸುಳ್ಳಲ್ಲ, ಅದಕ್ಕೂ ಒಂದು ಹೊತ್ತು ಬೇಕು. ನನ್ನ ನಾದಿನಿ, ಅಂದರೆ ತಮ್ಮನ ಹೆಂಡತಿ, ಅದನ್ನು ಬೇರೆಯಾಗಿಯೇ ಕೂಡಿಸಿಕೊಂಡು ಹೇಳುತ್ತಿದ್ದಳು. "ಇವತ್ತು ಹಳೆಯದನ್ನು ಮಾತಾಡಬೇಕು" ಅಂತ ಮೊದಲೇ ಹೇಳಿ ಕೂರುತ್ತಿದ್ದಳು. ಅವನು ಎದ್ದು ಹೋಗುವಂತಿರಲಿಲ್ಲ. ಉತ್ತರ ಕೊಡಬೇಕಾಗಿಯೂ ಇರಲಿಲ್ಲ. ಕೇಳಿಸಿಕೊಂಡರೆ ಸಾಕಿತ್ತು.

ಗಂಜ್ ವ್ಯಾಪಾರಿ

ಅಕ್ಕನ ಪ್ರಶ್ನೆ ಖರೇ ಇದೆ. ಅವರೂ ಸ್ವಲ್ಪ ಸಂಭಾಳಿಸಲಿ. ಗೆಳೆಯರ ಮುಂದೆ "ಇವತ್ತು ನನ್ನ ಹತ್ತಿರ ಇಲ್ಲ" ಅನ್ನಲು ಕಲಿಯಲಿ. ನಾವು ದಿನಾ ಗಂಜ್‌ನಲ್ಲಿ ಹತ್ತು ಮಂದಿಗೆ ಅದೇ ಹೇಳುತ್ತೇವೆ, ಯಾರೂ ಸತ್ತಿಲ್ಲ.

ಯಾದಗಿರಿ ಅಮ್ಮ

ಹಿರಿಯರ ಮುಂದೆ ಒಂದು ಮಾತು ಹಾಕಿದ್ದೀಯಾ ಇಲ್ಲವಾ? ಅತ್ತೆಗೆ ಗೊತ್ತಿರಲಿ. ನಾಳೆ ಎಡವಿದರೆ ನಿನ್ನ ಮೇಲೆ ಬರುತ್ತದೆ.

ಬಿಸಿಲೂರ ಟೀಚರ್

ನನ್ನ ಅಕ್ಕನಿಗೆ ಮಾತ್ರ ಹೇಳಿದ್ದೇನೆ ಅಮ್ಮಾ, ಅದು ಇವರಿಗೂ ಗೊತ್ತು. ಅತ್ತೆಗೆ ಹೇಳಿದರೆ ನಾದಿನಿಯ ಉಂಗುರದ ವಿಷಯ ಬರುತ್ತದೆ, ಆಕೆ ಪಾಪ ಏನು ಮಾಡಿದ್ದಾಳೆ? ಉಂಗುರ ವಾಪಸ್ ಕೇಳಲ್ಲ. ಆದರೆ ಮುಂದಿನ ತಿಂಗಳು ಆಕೆಯ ಕೂಸಿನ ತೊಟ್ಟಿಲು ಇದೆ. ಇವರೇ ತಂಗಿಗೆ ಫೋನ್ ಮಾಡಿ "ಈ ಸಲ ಬಟ್ಟೆ ಅಷ್ಟೇ, ಕೈ ಬಿಗಿ ಇದೆ" ಅಂದರು. ಆಕೆ "ಆಯ್ತು ಅಣ್ಣಾ" ಅಂದಳಂತೆ. ಅಷ್ಟೇ. ಇಷ್ಟು ವರ್ಷ ಇದೇ ಮಾತಿಗೆ ಹೆದರಿದ್ದು ಅವರು.

ಕಾಕಾ, ಒಂದು ಕೆಲಸದ ಪ್ರಶ್ನೆ. ದೊಡ್ಡ ಕಾರ್ಡಿಗೆ ರೊಕ್ಕ ಕಟ್ಟಿ ಮುಚ್ಚಿ ಅಂತ ಹೇಳಿದ್ದೇವೆ. ಬ್ಯಾಂಕಿನವರು ಕರೆ ಮಾಡಿ "ಮುಚ್ಚಬೇಡಿ, ಲಿಮಿಟ್ ಜಾಸ್ತಿ ಮಾಡುತ್ತೇವೆ" ಅಂತಿದ್ದಾರೆ. ಸಣ್ಣ ಕಾರ್ಡ್ ಇಟ್ಟುಕೊಳ್ಳಲಾ ಅಂತ ಇವರು ಕೇಳುತ್ತಿದ್ದಾರೆ.

ಹಳೇ ಕ್ಯಾಷಿಯರ್

ಫೋನಿನಲ್ಲಿ ಮಾತಾಡಬೇಡಿ, ಇಮೇಲ್‌ನಲ್ಲಿ ಬರೆಯಿರಿ. ಬಾಕಿ ಸೊನ್ನೆ ಇದ್ದರೆ, ಕೇಳಿಕೊಂಡ 7 ಕೆಲಸದ ದಿನದಲ್ಲಿ ಕಾರ್ಡ್ ಮುಚ್ಚಲೇಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ಅವರೇ ನಿಮಗೆ ಕೊಡಬೇಕು, 2022ರ ನಿಯಮ. ಆ ನಿಯಮದ ಮಾತು ಇಮೇಲ್‌ನಲ್ಲೇ ಬರೆದುಬಿಡಿ, ಲಿಮಿಟ್ ಕೊಡುವ ಕರೆಗಳು ನಿಲ್ಲುತ್ತವೆ. ಮುಚ್ಚಿದ ಮೇಲೆ ಬಾಕಿ ಇಲ್ಲ ಅನ್ನುವ ಪತ್ರ ತರಿಸಿಕೊಳ್ಳಿ. ಒಂದೆರಡು ತಿಂಗಳು ಬಿಟ್ಟು ರಿಪೋರ್ಟ್ ನೋಡಿ. "ಕ್ಲೋಸ್ಡ್" ಅಂತ ಇರಬೇಕು, "ಸೆಟಲ್ಡ್" ಅಂತ ಇರಬಾರದು. ಅರ್ಧ ಕಟ್ಟಿ ಕೈತೊಳೆದುಕೊಂಡವರಿಗೆ ಹಾಗೆ ಬರೆಯುತ್ತಾರೆ, ಮುಂದೆ ಸೈಟ್ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ.

ಸಣ್ಣ ಕಾರ್ಡ್ ಇಟ್ಟುಕೊಳ್ಳಲಿ. ಲಿಮಿಟ್ಟನ್ನು 10,000ಕ್ಕೆ ಇಳಿಸಿ ಅಂತ ಅವರೇ ಬರೆದು ಕೊಡಲಿ, ಆನ್‌ಲೈನ್ ಖರೀದಿಯನ್ನು ಬ್ಯಾಂಕ್ ಆ್ಯಪ್‌ನಲ್ಲೇ ಬಂದ್ ಮಾಡಲು ಬರುತ್ತದೆ. ಬಿಲ್ಲು ಪೂರ್ತಿ ತಾನೇ ಕಟ್ಟುವಂತೆ ಖಾತೆಗೆ ಜೋಡಿಸಲಿ. ಜೋಡಿಸುವಾಗ "ಕನಿಷ್ಠ ಮೊತ್ತ" ಅನ್ನುವುದನ್ನು ಒತ್ತಬೇಡಿ, "ಪೂರ್ತಿ ಮೊತ್ತ" ಒತ್ತಬೇಕು. ಬಹಳ ಮಂದಿ ಅಲ್ಲೇ ತಪ್ಪುತ್ತಾರೆ.

ಬಿಸಿಲೂರ ಟೀಚರ್

ಇಮೇಲ್ ಇವತ್ತೇ ಹಾಕಿದರು ಕಾಕಾ. ಸಣ್ಣ ಕಾರ್ಡ್ ಬೇಕಾ ಬೇಡವಾ ಅಂತ ಪಗಾರದ ದಿನ ಮಾತಾಡುತ್ತೇವೆ.